ಶಂಖಾಸ್ಥಿಯ ಗಣಕಪ್ರತಿಕೃತಿ

ಒಳಗಿವಿಯನ್ನು ಹುದುಗಿಸಿಕೊಂಡಿರುವ ಶಂಖಾಸ್ಥಿಯು ಶಸ್ತ್ರವೈದ್ಯರಿಗೆ ದುರ್ಗಮವಾದ ಪ್ರದೇಶ. ಶ್ರವಣಕ್ಕೆ ಆಧಾರವಾದ ಕರ್ಣಶಂಖ, ಸಮತೋಲ ಕಾಯುವ ಅರ್ಧವರ್ತುಲ ನಾಳಗಳು, ಮುಖದ ಸ್ನಾಯುಗಳನ್ನು ನಡೆಸುವ ನರದ ಕಾಲುವೆ ಎಲ್ಲವೂ ಆ ಎಲುಬಿನೊಳಗೇ ಇವೆ. ಕೊರೆಯುವ ಉಪಕರಣ ಒಂದೆರಡು ಮಿಲಿಮೀಟರು ತಪ್ಪಿದರೂ ರೋಗಿಯ ಮುಖದ ಒಂದು ಪಾರ್ಶ್ವ ನಿಶ್ಚೇಷ್ಟಿತವಾಗಬಹುದು.

1971ರಲ್ಲಿ ಲಂಡನ್ನಿನಲ್ಲಿ ಮೊದಲು ರೋಗಿಯ ಮೇಲೆ ಪ್ರಯೋಗವಾದ ಸಿ.ಟಿ. ಚಿತ್ರಣವು ಎಲುಬನ್ನು ಪದರಪದರವಾಗಿ ತೋರಿಸುತ್ತದೆ. ಪ್ರತಿ ಪದರದಲ್ಲಿಯೂ ಭಾಗಗಳ ಅಂಚನ್ನು ಗುರುತಿಸಿ ಒಂದರ ಮೇಲೊಂದು ಜೋಡಿಸಿದರೆ ಗಣಕದಲ್ಲಿ ಮೂರು ಆಯಾಮಗಳ ಪ್ರತಿಕೃತಿ ಮೂಡುತ್ತದೆ.

ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು, ಕಿವುಡು ಮಕ್ಕಳ ಕರ್ಣಶಂಖದಲ್ಲಿ ವಿದ್ಯುದಗ್ರಗಳನ್ನಿರಿಸುವ ಚಿಕಿತ್ಸೆಗೆ ನೆರವೀಯುವ ಕೇಂದ್ರ ಸರ್ಕಾರದ ಯೋಜನೆಗೆ ನೋಡಲ್ ಸಂಸ್ಥೆ. ಹುಟ್ಟಿನಿಂದಲೇ ಕರ್ಣಶಂಖ ವಿಕೃತವಾಗಿರುವ ಶಿಶುವಿನ ವಿಷಯದಲ್ಲಿ ಇಂತಹ ಪ್ರತಿಕೃತಿ ವಿಶೇಷ ಉಪಯುಕ್ತ. ಆದರೆ ಪದರ ದಪ್ಪವಾದಷ್ಟೂ ಸೂಕ್ಷ್ಮರಚನೆ ಮರೆಯಾಗುತ್ತದೆ. ಪ್ರತಿಕೃತಿಯು ಮಾರ್ಗದರ್ಶಿಯೇ ಹೊರತು ಕೈಯ ಅಭ್ಯಾಸಕ್ಕೆ ಬದಲಲ್ಲ.