ಕೀಲಿಕೈ ಕೊಟ್ಟ ಮೇಲೆ

ಮಳೆಗಾಲ ಹತ್ತಿರ ಬಂದಂತೆ ನವಿ ಮುಂಬಯಿ ಮಹಾನಗರ ಪಾಲಿಕೆ ಪ್ರತಿವರ್ಷ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ನಾಲ್ಕು ದರ್ಜೆ. ಸಿ-1 ಎಂದರೆ ತಕ್ಷಣ ಖಾಲಿ ಮಾಡಿ ಕೆಡವಬೇಕಾದದ್ದು. ಸಿ-2ಎ ಎಂದರೆ ಜನರನ್ನು ಹೊರಗೆ ಕಳಿಸಿ ದುರಸ್ತಿ ಮಾಡಬೇಕಾದದ್ದು. ಸಿ-2ಬಿಯಲ್ಲಿ ಜನ ಒಳಗಿದ್ದಂತೆಯೇ ಕೆಲಸ ನಡೆಸಬಹುದು. ಸಿ-3ಕ್ಕೆ ಸಣ್ಣಪುಟ್ಟ ರಿಪೇರಿ ಸಾಕು. ಪಟ್ಟಿಯ ಜೊತೆ ಕಟ್ಟಡದ ವಸತಿ ಸೊಸೈಟಿಗೆ ನೋಟಿಸು ಬರುತ್ತದೆ. ಮೂವತ್ತು ವರ್ಷ ದಾಟಿದ ಕಟ್ಟಡಗಳು ಸ್ಟ್ರಕ್ಚರಲ್ ಆಡಿಟ್ ಮಾಡಿಸಲೇಬೇಕು, ಮಾಡಿಸದಿದ್ದರೆ 25,000 ರೂಪಾಯಿ ಅಥವಾ ಒಂದು ವರ್ಷದ ಆಸ್ತಿ ತೆರಿಗೆ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ದಂಡ ಎಂದು ಮಹಾರಾಷ್ಟ್ರ ಮಹಾನಗರ ಪಾಲಿಕೆಗಳ ಕಾಯ್ದೆ ಹೇಳುತ್ತದೆ. ಆಡಿಟ್ ಮಾಡಿಸಲು ದುಡ್ಡು ಎಲ್ಲಿಂದ, ದುರಸ್ತಿಗೆ ಸಾಲ ಯಾರು ಕೊಡುತ್ತಾರೆ, ಖಾಲಿ ಮಾಡಿದವರು ಎಲ್ಲಿ ಇರಬೇಕು ಎಂಬುದು ಮಾತ್ರ ನೋಟಿಸಿನಲ್ಲಿ ಇರುವುದಿಲ್ಲ. ನವಿ ಮುಂಬಯಿಯ ನೆರೂಳದಲ್ಲಿ, ಆ ನಗರವನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊದ ಹಳೆಯ ವಸಾಹತುಗಳ ಕಷ್ಟವೆಲ್ಲ ಆ ಬಿಟ್ಟುಹೋದ ಸಾಲುಗಳಲ್ಲೇ ಇದೆ.

ಮನೆ ಇಲ್ಲದವನಿಗೆ ಮನೆ ಕೊಡಿಸುವ ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಆರ್ಥಿಕವಾಗಿ ದುರ್ಬಲರಾದವರಿಗೆ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಒಂದು ಲಕ್ಷ, ಒಟ್ಟು ಎರಡೂವರೆ ಲಕ್ಷ ರೂಪಾಯಿಯ ಸಬ್ಸಿಡಿ ಸಿಕ್ಕಿತು. ಮುಂಬಯಿ ಮಹಾನಗರ ಪ್ರದೇಶದಲ್ಲಿ ಈ ವರ್ಗದ ವಾರ್ಷಿಕ ಆದಾಯದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಆರು ಲಕ್ಷಕ್ಕೆ ಏರಿಸಲಾಯಿತು. ಸಿಡ್ಕೊ 2024ರ ಅಕ್ಟೋಬರಿನಲ್ಲಿ ಸುಮಾರು 26,000 ಮನೆಗಳ ಯೋಜನೆ ಪ್ರಕಟಿಸಿ, ಮರುವರ್ಷದ ಫೆಬ್ರವರಿಯಲ್ಲಿ ಲಾಟರಿ ಎತ್ತಿತು. ಲಾಟರಿ ಎತ್ತುವ ದಿನ ಮಂತ್ರಿಗಳು ಬರುತ್ತಾರೆ, ಪತ್ರಿಕೆಗಳಲ್ಲಿ ಪಟ ಬರುತ್ತದೆ. ಮನೆ ಸಿಕ್ಕಿದವನು ಅದರಲ್ಲಿ ಮುಂದಿನ ನಲವತ್ತು ವರ್ಷ ಹೇಗೆ ಬಾಳಬೇಕೆಂಬುದಕ್ಕೆ ಮಾತ್ರ ಯೋಜನೆಯೂ ಇಲ್ಲ, ಕಚೇರಿಯೂ ಇಲ್ಲ. ಮನೆ ಕಟ್ಟಿಕೊಡುವುದಕ್ಕೆ ಸರ್ಕಾರ ಖರ್ಚು ಮಾಡುವುದು ನ್ಯಾಯವಾದರೆ, ಕಟ್ಟಿದ ಮನೆ ಬೀಳದಂತೆ ನೋಡಿಕೊಳ್ಳುವುದಕ್ಕೆ ಖರ್ಚು ಮಾಡುವುದೂ ಅಷ್ಟೇ ನ್ಯಾಯ ಎಂಬುದು ನನ್ನ ವಾದ. ಎರಡನೆಯದು ಅಗ್ಗವೂ ಹೌದು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಮೂವರೂ 1960ರ ದಶಕದ ನಡುವಿನಲ್ಲಿ ಮುಂಬಯಿಯ ಖಾಡಿಯ ಆಚೆ ಹೊಸ ನಗರ ಕಟ್ಟಬೇಕೆಂದು ಪ್ರತಿಪಾದಿಸಿದರು. 1970ರ ಮಾರ್ಚ್‌ನಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ನೆಲವನ್ನು ಒಳಗೊಂಡ 344 ಚದರ ಕಿಲೋಮೀಟರಿನಲ್ಲಿ ನಗರದ ನಕ್ಷೆ ಬರೆಯಲಾಯಿತು. ನೆಲವನ್ನು ಅಗ್ಗದಲ್ಲಿ ಪಡೆದು, ಅಭಿವೃದ್ಧಿಪಡಿಸಿ, ಶ್ರೀಮಂತರಿಗೂ ವ್ಯಾಪಾರಕ್ಕೂ ಹೆಚ್ಚಿನ ಬೆಲೆಗೆ ಕೊಟ್ಟು, ಆ ಲಾಭದಿಂದ ಕಡಿಮೆ ಆದಾಯದವರ ಮನೆಯ ಬೆಲೆ ಇಳಿಸುವುದೇ ಅದರ ಹಣಕಾಸಿನ ಲೆಕ್ಕಾಚಾರವಾಗಿತ್ತು. ನೆರೂಳದಲ್ಲಿ ಎನ್‌ಎಲ್ ಎಂಬ ಅಕ್ಷರಗಳಿಂದ ಗುರುತಿಸುವ ಮಾದರಿಯ ಕಟ್ಟಡಗಳು, ಎಲ್‌ಐಜಿ (ಕಡಿಮೆ ಆದಾಯದ ವರ್ಗ) ಎಂದೇ ಇಂದಿಗೂ ರಿಕ್ಷಾದವರು ಕರೆಯುವ ಸಣ್ಣ ಮನೆಗಳ ಸಾಲುಗಳು ಹೀಗೆ ಎದ್ದವು. ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ ಗುಮಾಸ್ತರು, ಗಿರಣಿ ಮತ್ತು ಕಾರ್ಖಾನೆಯ ನೌಕರರು ಇಲ್ಲಿ ಮೊದಲ ಬಾರಿಗೆ ಸ್ವಂತದ ಅಡುಗೆಮನೆ, ಸ್ವಂತದ ಶೌಚಾಲಯ ಕಂಡರು. ಅವರಲ್ಲಿ ಊರು ಬಿಟ್ಟು ಬಂದ ಕನ್ನಡಿಗರೂ ತುಳುವರೂ ಇದ್ದರು. ಆ ಸಾಧನೆಯನ್ನು ಸಣ್ಣದೆಂದು ಹೇಳುವುದು ತಪ್ಪು.

ಆದರೆ ಕಾಂಕ್ರೀಟಿಗೂ ಆಯುಸ್ಸಿದೆ. ಖಾಡಿಯ ಉಪ್ಪುಗಾಳಿ, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಲಿನ ಮನೆಯ ಬಚ್ಚಲಿನಿಂದ ಇಳಿಯುವ ನೀರು ಮೂರೂ ಸೇರಿದರೆ ಸ್ಲ್ಯಾಬಿನೊಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಮೇಲಿನ ಕಾಂಕ್ರೀಟಿನ ಪದರವನ್ನು ಒಳಗಿನಿಂದ ಒಡೆದು ಹೊರಗೆ ತಳ್ಳುತ್ತದೆ. ಮೊದಲು ಸೀಲಿಂಗಿನಲ್ಲಿ ಕಂಬಿಯ ಗುಂಟ ಕಂದು ಬಣ್ಣದ ಗೆರೆ, ಆಮೇಲೆ ಕೂದಲೆಳೆಯ ಬಿರುಕು, ಬಡಿದರೆ ಟೊಳ್ಳು ಸದ್ದು, ಒಂದು ದಿನ ಊಟದ ತಟ್ಟೆಯ ಪಕ್ಕ ಅಂಗೈಯಗಲದ ಚೂರು. ಹೆಚ್ಚಿನವರು ಅದಕ್ಕೆ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿಯುತ್ತಾರೆ. ಒಳಗಿನ ತುಕ್ಕು ಹಾಗೇ ಇರುತ್ತದೆ. ಸರಿಯಾದ ಕ್ರಮ ಬೇರೆ: ಟೊಳ್ಳಾದದ್ದನ್ನೆಲ್ಲ ಕೆತ್ತಿ, ಕಂಬಿಯನ್ನು ಉಜ್ಜಿ ತುಕ್ಕು ತೆಗೆದು, ತುಕ್ಕುನಿರೋಧಕ ಲೇಪ ಕೊಟ್ಟು, ತೀರಾ ತೆಳುವಾದ ಕಡೆ ಹೊಸ ಕಂಬಿ ಸೇರಿಸಿ, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಬೇಕು, ಅದಕ್ಕೂ ಮೊದಲು ಮೇಲಿನ ಸೋರಿಕೆ ನಿಲ್ಲಬೇಕು. ಮೇಲಿನ ಮನೆಯವರು ಬಚ್ಚಲು ಒಡೆಯಲು ಒಪ್ಪುವುದಿಲ್ಲ. ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ ಬಚ್ಚಲಿನ ಸೋರಿಕೆಯ ಖರ್ಚು ಮನೆಯವನದು, ಟೆರೇಸಿನದು ಮತ್ತು ಹೊರಗೋಡೆಯದು ಸೊಸೈಟಿಯದು. ನೀರು ಯಾವ ದಾರಿಯಿಂದ ಬಂತೆಂದು ಹೇಳುವ ಎಂಜಿನಿಯರ್ ಇಲ್ಲದಿದ್ದರೆ ಆ ನಿಯಮದಿಂದ ಜಗಳ ಬೆಳೆಯುತ್ತದೆ ಅಷ್ಟೆ. ಕೊನೆಗೆ ಎಲ್ಲರೂ ಸೇರಿ ಟೆರೇಸಿನ ಮೇಲೆ ಪತ್ರಾ ಶೆಡ್ ಹಾಕಿ, ತಾಡಪತ್ರಿ ಕಟ್ಟಿ ಇನ್ನೊಂದು ಮಳೆಗಾಲ ದಾಟುತ್ತಾರೆ.

ಸೊಸೈಟಿಯ ನಿಧಿ ಏನಾಯಿತು ಎಂದು ಕೇಳುವವರಿದ್ದಾರೆ. ಮಾದರಿ ಉಪವಿಧಿಯ ಪ್ರಕಾರ ಪ್ರತಿ ಮನೆಯೂ ಕಟ್ಟಡ ವೆಚ್ಚದ ಶೇ 0.75ರಷ್ಟನ್ನು ದುರಸ್ತಿ ನಿಧಿಗೂ ಶೇ 0.25ರಷ್ಟನ್ನು ಮುಂದಿನ ದೊಡ್ಡ ಕೆಲಸಗಳಿಗೆಂದು ಕೂಡಿಡುವ ಸಿಂಕಿಂಗ್ ಫಂಡಿಗೂ ವರ್ಷವರ್ಷ ಕೊಡಬೇಕು. ಇವು ಕನಿಷ್ಠ ದರಗಳು. ಎಂಬತ್ತರ ದಶಕದಲ್ಲಿ 50,000 ರೂಪಾಯಿಯಲ್ಲಿ ಕಟ್ಟಿದ ಮನೆಯೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 375 ಮತ್ತು 125, ಒಟ್ಟು 500 ರೂಪಾಯಿ. ಇಪ್ಪತ್ತು ಮನೆಗಳ ಕಟ್ಟಡ ನಲವತ್ತು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದರೂ, ನಡುವೆ ಒಂದು ಪೈಸೆ ಖರ್ಚು ಮಾಡದಿದ್ದರೂ, ಬಡ್ಡಿ ಬಿಟ್ಟು ನಾಲ್ಕು ಲಕ್ಷ. ಇವತ್ತು ನಾಲ್ಕು ಲಕ್ಷಕ್ಕೆ ಇಪ್ಪತ್ತು ಮನೆಗಳ ಕಂಬ, ತೊಲೆ, ಟೆರೇಸ್ ಯಾವುದೂ ಆಗುವುದಿಲ್ಲ. ನಿಯಮ ಪಾಲಿಸಿದವರೂ ಬರಿಗೈಯಲ್ಲಿ ನಿಲ್ಲುವಂಥ ಲೆಕ್ಕ ಇದು. ಹಳೆಯ ವೆಚ್ಚಕ್ಕೆ ಕಟ್ಟಿಹಾಕಿದ ಶೇಕಡಾವಾರು ಹಣದುಬ್ಬರದ ಮುಂದೆ ಕರಗಿಹೋಯಿತು. ಹೆಚ್ಚು ಸಂಗ್ರಹಿಸಲು ಸಾಮಾನ್ಯ ಸಭೆಗೆ ಅಧಿಕಾರವಿದೆ ನಿಜ. ಆದರೆ ಅರ್ಧ ಮನೆಗಳಲ್ಲಿ ನಿವೃತ್ತರಿರುವ ಸೊಸೈಟಿಯಲ್ಲಿ ಮೇಂಟೆನೆನ್ಸ್ ಏರಿಸುವ ಠರಾವನ್ನು ಯಾರಾದರೂ ಮಂಡಿಸಿ ನೋಡಲಿ.

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದೇ: ಇವರು ಬಾಡಿಗೆದಾರರಲ್ಲ, ಮಾಲೀಕರು. ಬೆಲೆ ಏರಿದಾಗ ಲಾಭ ಅವರದು, ಹಾಗಿದ್ದ ಮೇಲೆ ದುರಸ್ತಿಯ ಹೊರೆಯನ್ನು ಬೇರೆ ತೆರಿಗೆದಾರರು ಯಾಕೆ ಹೊರಬೇಕು? ಇದಕ್ಕೆ ಉತ್ತರ ಕಾಗದಪತ್ರಗಳಲ್ಲೇ ಇದೆ. ಸಿಡ್ಕೊ ನೆಲವನ್ನು ಮಾರಿದ್ದಲ್ಲ, 60 ವರ್ಷದ ಲೀಸಿಗೆ ಕೊಟ್ಟದ್ದು. ಮನೆ ಕೈ ಬದಲಿಸುವಾಗಲೆಲ್ಲ ಅದರ ಅನುಮತಿ ಬೇಕಾಗಿತ್ತು, ವರ್ಗಾವಣೆ ಶುಲ್ಕ ಕಟ್ಟಬೇಕಾಗಿತ್ತು. ದಶಕಗಳ ಕಾಲ ಭೂಮಾಲೀಕನ ಹಕ್ಕು ಚಲಾಯಿಸಿ ಶುಲ್ಕ ವಸೂಲು ಮಾಡಿದ ಸಂಸ್ಥೆ, ಕಟ್ಟಡ ಸೋರುವಾಗ ಮಾತ್ರ ಅದು ನಿಮ್ಮ ಸ್ವಂತದ್ದೆಂದು ಹೇಳುವುದು ಸರಿಯಲ್ಲ. ಕಟ್ಟಿದ ಕೆಲಸದ ಗುಣಮಟ್ಟದ ಪ್ರಶ್ನೆಯೂ ಇದೆ. ವಾಶಿಯ ಸೆಕ್ಟರ್ 9 ಮತ್ತು 10ರ ಜೆಎನ್-1, ಜೆಎನ್-2 ಮಾದರಿಯ ಸಿಡ್ಕೊ ಕಟ್ಟಡಗಳು ತಮ್ಮ ವಯಸ್ಸಿಗೆ ಬಹಳ ಮೊದಲೇ ಉದುರತೊಡಗಿದವು. ಅಲ್ಲಿನವರ ಹೋರಾಟ ಎಷ್ಟೋ ವರ್ಷ ನಡೆದು, ಹಳೆಯ ಸಿಡ್ಕೊ ಕಟ್ಟಡಗಳ ಪುನರ್ನಿರ್ಮಾಣಕ್ಕೆ ಸರ್ಕಾರ 2.5 ಎಫ್‌ಎಸ್‌ಐ, ಅಂದರೆ ನಿವೇಶನದ ಅಳತೆಯ ಎರಡೂವರೆ ಪಟ್ಟು ಕಟ್ಟುವ ಅನುಮತಿ, ಕೊಟ್ಟದ್ದು 2015ರಲ್ಲಿ.

ಹಾಗಾದರೆ ರಿಡೆವಲಪ್‌ಮೆಂಟ್ ಬಂದಿದೆಯಲ್ಲ, ಬಿಲ್ಡರ್ ಬಂದು ಹಳೆಯದನ್ನು ಕೆಡವಿ ದೊಡ್ಡ ಮನೆ ಕಟ್ಟಿಕೊಡುತ್ತಾನಲ್ಲ ಎಂಬುದು ಎರಡನೆಯ ಮಾತು, ಈಗ ಹೆಚ್ಚು ಕೇಳಿಬರುವುದೂ ಅದೇ. ಸಹಕಾರಿ ಸೊಸೈಟಿಗಳಲ್ಲಿ ಅದಕ್ಕೆ ಬೇಕಾದ ಒಪ್ಪಿಗೆಯ ಪ್ರಮಾಣವನ್ನು 2019ರ ಸರ್ಕಾರಿ ಆದೇಶ ಶೇ 51ಕ್ಕೆ ಇಳಿಸಿತು. ಕೆಲವರ ಬದುಕು ಇದರಿಂದ ಹಸನಾಗಿದೆ, ಅಲ್ಲಗಳೆಯಲಾರೆ. ಆದರೆ ಬಿಲ್ಡರ್ ಬರುವುದು ಕಟ್ಟಡದ ಅಪಾಯ ನೋಡಿ ಅಲ್ಲ, ರಸ್ತೆಯ ಅಗಲ ಮತ್ತು ಜಾಗದ ವಿಸ್ತಾರ ನೋಡಿ. ಪಾಮ್ ಬೀಚ್ ರಸ್ತೆಯ ಬದಿಗೆ ಓಡಿ ಬರುವವನು ಒಳಗಿನ ಕಿರುದಾರಿಯ ಸಣ್ಣ ಪ್ಲಾಟಿನತ್ತ ತಿರುಗಿಯೂ ನೋಡುವುದಿಲ್ಲ. ಬಂದರೂ ಮಾತುಕತೆ, ಅನುಮತಿ, ಕಟ್ಟುವಿಕೆ ಸೇರಿ ವರ್ಷಗಳೇ ಬೇಕು. ಅಷ್ಟರವರೆಗೆ ಸ್ಲ್ಯಾಬ್ ಕಾಯುವುದಿಲ್ಲ. ಹೊಸ ಗೋಪುರದಲ್ಲಿ ಲಿಫ್ಟು, ಪಂಪು, ಭದ್ರತೆ ಎಂದು ಏರುವ ಮಾಸಿಕ ಮೇಂಟೆನೆನ್ಸ್ ಪಿಂಚಣಿದಾರನನ್ನು ಮೆಲ್ಲಗೆ ಹೊರಗೆ ತಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇಂದಲ್ಲ ನಾಳೆ ಬಿಲ್ಡರ್ ಬರುತ್ತಾನೆಂಬ ಆಸೆಯಲ್ಲಿ ಸೊಸೈಟಿಗಳು ಇರುವ ರಿಪೇರಿಯನ್ನೂ ನಿಲ್ಲಿಸಿಬಿಡುತ್ತವೆ.

ನಿವಾಸಿಗಳದೂ ತಪ್ಪಿದೆ. ಬಾಲ್ಕನಿಯನ್ನು ಕೋಣೆ ಮಾಡಿದರು, ನಡುಗೋಡೆ ಒಡೆದರು, ಟೆರೇಸಿನ ಮೇಲೆ ಭಾರ ಹೇರಿದರು. ಒಪ್ಪಬೇಕಾದ ಮಾತು. ಆದರೂ ಒಂದು ಸಂಸಾರಕ್ಕೆ ಕೊಟ್ಟ ಸಣ್ಣ ಮನೆಯಲ್ಲಿ ಮಕ್ಕಳು ಬೆಳೆದು ಸೊಸೆ ಬಂದಾಗ ಗೋಡೆ ಸರಿಯದೆ ಇರುತ್ತದೆಯೇ? ಕೊರಿಯಾ ಇದನ್ನು ಮೊದಲೇ ಕಂಡಿದ್ದರು. ಎಂಬತ್ತರ ದಶಕದಲ್ಲಿ ಪಕ್ಕದ ಬೇಲಾಪುರದಲ್ಲಿ ಸಿಡ್ಕೊಗಾಗಿ ಅವರು ರೂಪಿಸಿದ ವಸತಿಯಲ್ಲಿ ಪ್ರತಿ ಮನೆಗೂ ತನ್ನದೇ ನೆಲವಿತ್ತು, ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳಬೇಕಿರಲಿಲ್ಲ, ಸಂಸಾರ ಬೆಳೆದಂತೆ ಮನೆಯೂ ಬೆಳೆಯಬಹುದಿತ್ತು. ಬಹುಮಹಡಿ ಕಟ್ಟಡದಲ್ಲಿ ಆ ಸ್ವಾತಂತ್ರ್ಯ ಕೊಡಲಾಗುವುದಿಲ್ಲ. ಯಾವ ಗೋಡೆ ಮುಟ್ಟಬಹುದು, ಯಾವುದು ಮುಟ್ಟಬಾರದು ಎಂದು ಹೇಳುವ ಒಬ್ಬ ಎಂಜಿನಿಯರನ್ನಾದರೂ ಕೊಡಬಹುದಿತ್ತು.

ಮುಂಬಯಿ ದ್ವೀಪನಗರದಲ್ಲಿ ಇಂಥದ್ದೊಂದು ಏರ್ಪಾಡು ಇದೆ. ಹಳೆಯ ಬಾಡಿಗೆ ಕಟ್ಟಡಗಳು ಸಾಲುಸಾಲಾಗಿ ಕುಸಿದಾಗ 1969ರಲ್ಲಿ ಕಾಯ್ದೆ ಮಾಡಿ, ದುರಸ್ತಿ ಸೆಸ್ ವಿಧಿಸಿ, 19,000ಕ್ಕೂ ಹೆಚ್ಚು ಕಟ್ಟಡಗಳಿಗಾಗಿ ರಿಪೇರಿ ಮಂಡಳಿ ರಚಿಸಿದರು; ಅದು ಈಗ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಭಾಗ. ಆ ಮಂಡಳಿ ಸೋತಿಲ್ಲವೇ, ಈಗಲೂ ಪ್ರತಿ ಮಳೆಗಾಲ ದಕ್ಷಿಣ ಮುಂಬಯಿಯಲ್ಲಿ ಕಟ್ಟಡ ಬೀಳುತ್ತದಲ್ಲ ಎಂದು ಕೇಳಬಹುದು. ಬಹಳ ಮಟ್ಟಿಗೆ ಸೋತಿದೆ. ಆದರೆ ಅದಕ್ಕೆ ಕೊಟ್ಟ ಕಟ್ಟಡಗಳು ಆಗಲೇ ಮುದಿಯಾಗಿದ್ದವು, ಬಾಡಿಗೆ ದಶಕಗಳಿಂದ ಹೆಪ್ಪುಗಟ್ಟಿತ್ತು, ದುರಸ್ತಿಯ ಖರ್ಚಿಗೆ ಮಿತಿ ಹಾಕಿದ್ದರಿಂದ ತೇಪೆ ಹಚ್ಚುವುದೇ ಕೆಲಸವಾಯಿತು. ನೆರೂಳದ ಕಟ್ಟಡಗಳಿಗೆ ನಲವತ್ತರ ಆಸುಪಾಸು. ಅವುಗಳಲ್ಲಿ ಬಹಳಷ್ಟನ್ನು ಈಗಲೂ ಉಳಿಸಬಹುದು. ಅಷ್ಟೆಲ್ಲ ದೋಷವಿದ್ದರೂ ಗಿರಗಾಂವದ ಬಾಡಿಗೆದಾರನಿಗೆ ಹೋಗಿ ಜಗಳವಾಡಲು ಒಂದು ಮೇಜಿದೆ, ಮನೆ ಬಿಟ್ಟವರ ತಾತ್ಕಾಲಿಕ ವಸತಿಗೆ ಟ್ರಾನ್ಸಿಟ್ ಕ್ಯಾಂಪ್ ಎಂಬ ಹೆಸರಾದರೂ ಇದೆ. ನೆರೂಳದವನು ನೆಲಕ್ಕಾಗಿ ಸಿಡ್ಕೊ ಭವನ, ಕಟ್ಟಡಕ್ಕಾಗಿ ಪಾಲಿಕೆಯ ಮುಖ್ಯ ಕಚೇರಿ ಎಂದು ಅಲೆಯಬೇಕು. ಎರಡೂ ಇರುವುದು ಬೇಲಾಪುರದಲ್ಲೇ. ಕಡತಗಳಿಗೆ ಮಾತ್ರ ಆ ದೂರ ಬಹಳ.

ಸಿಂಗಪುರದ ಸರ್ಕಾರಿ ಫ್ಲ್ಯಾಟುಗಳೂ ಲೀಸಿನವೇ, 99 ವರ್ಷದವು. ನಿವಾಸಿಗಳು ಅಲ್ಲಿಯೂ ಮಾಲೀಕರೆಂದೇ ಕರೆಸಿಕೊಳ್ಳುತ್ತಾರೆ. 2007ರಿಂದ ಅಲ್ಲಿ ಮನೆ ಸುಧಾರಣೆಯ ಕಾರ್ಯಕ್ರಮ ನಡೆಯುತ್ತಿದೆ. ಕಟ್ಟಡದ ಶೇ 75ರಷ್ಟು ಮನೆಗಳು ಮತ ಹಾಕಿ ಒಪ್ಪಿದರೆ, ಉದುರುವ ಕಾಂಕ್ರೀಟು, ಹಳೆಯ ಕೊಳವೆಗಳಂಥ ಅಗತ್ಯ ದುರಸ್ತಿಯ ಪೂರ್ತಿ ಖರ್ಚನ್ನು ಪೌರರಿಗೆ ಸರ್ಕಾರವೇ ಕೊಡುತ್ತದೆ. ಸಿಂಗಪುರದ ಬೊಕ್ಕಸ ನಮ್ಮದಲ್ಲ, ನಿಜ. ಹಾಗೆಂದು ಏನೂ ಮಾಡದಿದ್ದರೆ ಖರ್ಚು ಉಳಿಯುವುದೂ ಇಲ್ಲ. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಸರ್ಕಾರಿ ವಸತಿ ಎರಡು ದಶಕ ತುಂಬುವ ಮೊದಲೇ ಕುಸಿಯಿತು. 2013ರ ಜನವರಿಯಲ್ಲಿ ಅಲ್ಲಿ ಉಳಿದಿದ್ದ ಕುಟುಂಬಗಳನ್ನು ಜೆಸಿಬಿ ತಂದು ತೆರವು ಮಾಡಿದರು.

ನೆರೂಳದಲ್ಲಿ ನೆರವಿನ ಕೈಗಳೇ ಇಲ್ಲವೆಂದಲ್ಲ. ಪಾಲಿಕೆಯ ಮೀನಾತಾಯಿ ಠಾಕ್ರೆ ಆಸ್ಪತ್ರೆ ಇದೆ, ಶಾಲೆಗಳಿವೆ. ಕನ್ನಡ, ತುಳು ಸಂಘಟನೆಗಳು ವಿದ್ಯಾರ್ಥಿವೇತನ, ಚಿಕಿತ್ಸೆಯ ನೆರವು ಕೊಡುತ್ತವೆ. ಸಾಯನ್ ಗೋಕುಲದ ಬಿಎಸ್‌ಕೆಬಿ ಅಸೋಸಿಯೇಶನ್ ಹಿರಿಯರಿಗಾಗಿ ಇಲ್ಲಿ ‘ಆಶ್ರಯ’ ನಡೆಸುತ್ತಿದೆ. ಸಮುದಾಯದ ದುಡ್ಡು ಇಷ್ಟು ಮಾಡಬಲ್ಲದು, ತೊಲೆಯ ಸುತ್ತ ಹೊಸ ಕಾಂಕ್ರೀಟಿನ ಕವಚ ಹಾಕಿಸಲಾರದು. ಆ ಕೆಲಸ ಸಿಡ್ಕೊ ಮತ್ತು ಪಾಲಿಕೆ ಕೂಡಿ ಮಾಡಬೇಕಾದದ್ದು. ನೆರೂಳದ ವಿಭಾಗ ಕಚೇರಿಯಲ್ಲೇ ಇಬ್ಬರ ಪರವಾಗಿಯೂ ಮಾತಾಡಬಲ್ಲ ಒಂದು ಕೌಂಟರ್, ಎಲ್‌ಐಜಿ ಕಟ್ಟಡಗಳಿಗೆ ಆಡಿಟ್ ಶುಲ್ಕದ ದೊಡ್ಡ ಪಾಲು ಮನ್ನಾ, ಸಿಡ್ಕೊಗೆ ಪ್ಲಾಟುಗಳ ಟೆಂಡರಿನಿಂದ ಬರುವ ಹಣದ ಸಣ್ಣ ಭಾಗದಿಂದ, ಮರಳಿ ಬಂದ ಕಂತನ್ನೇ ಮತ್ತೆ ಸಾಲ ಕೊಡುವ ಒಂದು ನಿಧಿ, ಇಷ್ಟು ಬೇಕು. ಸಾಲದ ಕಂತನ್ನು ಆಸ್ತಿ ತೆರಿಗೆಯ ಬಿಲ್ಲಿನ ಜೊತೆಗೇ ವಸೂಲು ಮಾಡಿದರೆ ಹೊಸ ವಸೂಲಿ ಇಲಾಖೆಯೂ ಬೇಡ. ಈಗಿನ ಮಾಲೀಕರಲ್ಲಿ ಮಾರುಕಟ್ಟೆ ಬೆಲೆ ಕೊಟ್ಟು ಬಂದ ಸ್ಥಿತಿವಂತರೂ ಇದ್ದಾರೆ ಎಂಬ ಮಾತಿಗೆ ಉತ್ತರವೂ ಇದರಲ್ಲೇ ಇದೆ: ದುರಸ್ತಿ ಇಡೀ ಕಟ್ಟಡಕ್ಕೆ, ಯಾಕೆಂದರೆ ಕಂಬ ಎಲ್ಲರದು, ಬಡ್ಡಿಯ ರಿಯಾಯಿತಿ ಮಾತ್ರ ಆದಾಯ ನೋಡಿ, ಮನೆಮನೆಗೆ ಬೇರೆಬೇರೆ. ಸಿ-1 ನೋಟಿಸು ಪಡೆದವರಿಗೆ ಕೆಲವು ತಿಂಗಳ ಬಾಡಿಗೆಯ ನೆರವು ನೋಟಿಸಿನ ಜೊತೆಗೇ ಬರಬೇಕು. ನೀರು, ವಿದ್ಯುತ್ ಕಡಿದರೂ ಜನ ಅಲ್ಲೇ ಉಳಿಯುವುದು ಹಟದಿಂದಲ್ಲ. ನೆರೂಳದಲ್ಲಿ ಮನೆ ಬಾಡಿಗೆಗೆ ಹಿಡಿಯಲು ಮೊದಲು ಡಿಪಾಸಿಟ್ಟು, ದಲಾಲಿ, ಮುಂಗಡ ಎಂದು ಒಮ್ಮೆಲೇ ಎಣಿಸಬೇಕಾದ ದುಡ್ಡು ಅವರ ಕೈಯಲ್ಲಿ ಇರುವುದಿಲ್ಲ.