6 ಕೋಟಿ ದಿನದ ಕೂಲಿ

ಬೀಳಗಿಯಿಂದ ಬಾಗಲಕೋಟೆ ದಾಟಿ ಮುಂದೆ ಹೋದರೆ ಗುಳೇದಗುಡ್ಡ. ಖಣ ನೇಯುವವರ ಊರು. 1851ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ಕೇಂದ್ರ ತೆರೆದರು. ಅವರು ಸಾರಿದ್ದು ಪಾಪ, ಧರ್ಮಶಾಸ್ತ್ರ, ಕೃಪೆ. ಏನಿವು?

ಯೇಸು ಹೇಳಿದ ಕಥೆ ಕೇಳಿ. ಮತ್ತಾಯನ ಸುವಾರ್ತೆ, 18ನೇ ಅಧ್ಯಾಯ. ಅರಸನಿಗೆ ಒಬ್ಬ ಸೇವಕ 10,000 ತಲಾಂತು ಬಾಕಿ. ಒಂದು ತಲಾಂತು ಅಂದ್ರೆ ಸುಮಾರು 6,000 ದಿನದ ಕೂಲಿ. ಗುಣಿಸಿ ನೋಡಿ: 6 ಕೋಟಿ ದಿನದ ದುಡಿಮೆ! ಮೊಮ್ಮಕ್ಕಳು ದುಡಿದರೂ ತೀರೋದಲ್ಲ. ಆದರೂ ಈ ಪುಣ್ಯಾತ್ಮ, ‘ಸ್ವಲ್ಪ ತಾಳಿ, ಎಲ್ಲಾ ತೀರಿಸ್ತೀನಿ’ ಅಂತಾನೆ! ಅರಸ ಮರುಗಿ ಪೂರ್ತಿ ಮನ್ನಾ ಮಾಡಿದ. ಸೇವಕ ಹೊರಗೆ ಬಂದವನೇ, ತನಗೆ ಬರೀ 100 ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ಅರಸನಿಗೆ ಸುದ್ದಿ ಮುಟ್ಟಿತು. ಸೇವಕ ಸೆರೆಮನೆ ಸೇರಿದ.

ಈ ಕಥೆಯ ಬಾಕಿಯೇ ಪಾಪ. ಧರ್ಮಶಾಸ್ತ್ರ, ಅಂದ್ರೆ ಮೋಶೆಯ ಹತ್ತು ಆಜ್ಞೆಗಳಂಥ ದೇವರ ಕಟ್ಟಳೆ, ಬಾಕಿ ಎಷ್ಟಿದೆ ಅಂತ ತೋರಿಸುತ್ತದೆ, ತೀರಿಸುವುದಿಲ್ಲ. ರೋಮಾಪುರದವರಿಗೆ ಯೇಸುವಿನ ಅಪೊಸ್ತಲ ಪೌಲ ಬರೆದ ಪತ್ರದ ವಾದ ಇದು. ತೀರಿಸಿದ್ದು ಶಿಲುಬೆಯ ಮೇಲೆ ಕ್ರಿಸ್ತ. ಅದು ಬಿಟ್ಟಿ ಸಿಕ್ಕ ಕೃಪೆ, ನಮ್ಮ ಗಳಿಕೆ ಅಲ್ಲ ಅನ್ನೋದು ಕ್ರೈಸ್ತರ ನಂಬಿಕೆ. ದುಡ್ಡು ಕೊಟ್ಟು ಚರ್ಚಿನಿಂದ ಕ್ಷಮಾಪತ್ರ ಕೊಳ್ಳುವ ವ್ಯವಹಾರದ ವಿರುದ್ಧ 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ತಿರುಗಿಬಿದ್ದದ್ದು ಇದಕ್ಕೇ.

ಹಾಗಾದರೆ ಕೃಪೆ ಇದೆ ಅಂತ ಪಾಪ ಮಾಡ್ತಾ ಇರಬಹುದಾ? ತರಲೆ ಪ್ರಶ್ನೆ ಅನಿಸಬಹುದು. ಆದರೆ ಅದನ್ನು ಪೌಲನೇ ಎತ್ತುತ್ತಾನೆ, ‘ಎಂದಿಗೂ ಇಲ್ಲ’ ಅಂತ ತಾನೇ ಉತ್ತರ ಕೊಡ್ತಾನೆ.