ಪ್ರಯೋಗಾಲಯದ ಕಟ್ಟೆ: ಗಾರೆಗೆ ಮುನ್ನ ಸೀಮೆಸುಣ್ಣ

ಶಹಾಪುರ ಶಾಖಾ ಕಾಲುವೆಯ ನೀರು ಹರಿದ ಮೇಲೆ ತಾಲ್ಲೂಕಿನಲ್ಲಿ ಭತ್ತ, ಹತ್ತಿಯ ಬೆಳೆ ವಿಸ್ತರಿಸಿತು. ತೊಗರಿ ಮೊದಲಿನಿಂದಲೂ ಇದ್ದೇ ಇದೆ. ಇವುಗಳನ್ನು ನಂಬಿದ ಜಿನ್ನಿಂಗ್ ಕಾರ್ಖಾನೆ ಹಾಗೂ ಬೇಳೆ ಗಿರಣಿಗಳ ಲಾಭನಷ್ಟವು ಬಹುಮಟ್ಟಿಗೆ ತೇವಾಂಶವನ್ನು ಅವಲಂಬಿಸಿದೆ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಯಲ್ಲಿ ಖರೀದಿಸುವಾಗ ಶೇಕಡಾ 8ರವರೆಗಿನ ತೇವಾಂಶಕ್ಕೆ ಪೂರ್ಣ ಬೆಲೆ ನೀಡುತ್ತದೆ. ಅಲ್ಲಿಂದ 12ರವರೆಗೆ ಬೆಲೆ ಕಡಿತವಾಗುತ್ತದೆ. ಅದಕ್ಕೂ ಮೀರಿದರೆ ಖರೀದಿಯಿಲ್ಲ. ಆದ್ದರಿಂದ ಪರೀಕ್ಷೆ ಮತ್ತು ಸಂಶೋಧನೆಗೆ ಸ್ವಂತ ಪ್ರಯೋಗಾಲಯವನ್ನು ಹೊಂದಲು ಬಯಸುವ ಉದ್ದಿಮೆದಾರರು ಉಪಕರಣಗಳ ಬೆಲೆಪಟ್ಟಿಗಿಂತ ಮೊದಲು ಕಟ್ಟೆಗಳ ನಕ್ಷೆಯನ್ನು ಯೋಚಿಸುವುದು ಲೇಸು.

ಕಾರಣ ಸರಳವಾದುದು. 105 ಡಿಗ್ರಿ ಶಾಖದ ಒಲೆಯಲ್ಲಿ 5 ಗ್ರಾಂ ತೊಗರಿ ಹಿಟ್ಟನ್ನು ಒಣಗಿಸಿ ತೂಗಿದಾಗ ತಕ್ಕಡಿ 50 ಮಿಲಿಗ್ರಾಂ ತಪ್ಪಿದರೆ ಫಲಿತಾಂಶ ಪೂರ್ತಿ ಶೇಕಡಾ ಒಂದರಷ್ಟು ತಪ್ಪುತ್ತದೆ. 100 ಕ್ವಿಂಟಲ್ ಮಾಲಿನಲ್ಲಿ ಅದು ಒಂದು ಕ್ವಿಂಟಲ್ ನೀರಿನ ಲೆಕ್ಕ. ಆದರೂ ಸೂಕ್ಷ್ಮ ತಕ್ಕಡಿಗೆ ಸಿಗುವುದು ಸಾಮಾನ್ಯವಾಗಿ ಉಳಿದ ಜಾಗ: ಫ್ಯಾನಿನ ಕೆಳಗೆ, ಬಾಗಿಲ ಪಕ್ಕ, ಇಲ್ಲವೇ ಹಿಟ್ಟು ಮಾಡುವ ಗ್ರೈಂಡರ್ ಇರುವ ಅದೇ ಕಟ್ಟೆಯ ಮೇಲೆ! ತಕ್ಕಡಿಗೆ ಗಾಳಿ, ನಡುಕ, ನೇರ ಬಿಸಿಲು ಈ ಮೂರೂ ತಾಗಬಾರದು. ಉಳಿದ ಕಟ್ಟೆಗಳಿಗೆ ಅಂಟದಂತೆ, ನೆಲದಿಂದಲೇ ಎಬ್ಬಿಸಿದ ಇಟ್ಟಿಗೆಯ ಎರಡು ಕಂಬಗಳ ಮೇಲೆ ದಪ್ಪ ಕಲ್ಲುಚಪ್ಪಡಿ ಇರಿಸಿದರೆ ಸಾಕು.

ಕಲ್ಲಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಈ ಭಾಗದಲ್ಲಿ ಅಗ್ಗವಾಗಿ ದೊರೆಯುವ ಶಹಾಬಾದ್ ಕಲ್ಲು ಸುಣ್ಣದಕಲ್ಲಿನ ಜಾತಿಯದು. ಆಮ್ಲ ಬಿದ್ದರೆ ನೊರೆಯೆದ್ದು ಸವೆಯುತ್ತದೆ. ನೆಲಕ್ಕೆ ಅದು ಒಪ್ಪುತ್ತದೆ. ರಾಸಾಯನಿಕ ಬಳಸುವ ಕಟ್ಟೆಗೆ ನುಣುಪು ಮಾಡಿದ ಗ್ರಾನೈಟ್ ಸೂಕ್ತ.

ಇನ್ನು ಕ್ರಮ. ಮಾದರಿ ಚೀಲ ಬಂದಿಳಿಯುವ ಮೇಜು, ಪುಡಿ ಮಾಡುವ ಸ್ಥಳ, ತಕ್ಕಡಿ, ಒಲೆ, ತೊಟ್ಟಿ, ದಾಖಲೆ ಪುಸ್ತಕ: ಮಾದರಿ ಸಾಗುವ ದಾರಿಯಲ್ಲಿಯೇ ಇವು ಇರಬೇಕು. ಧೂಳೆಬ್ಬಿಸುವ ಗ್ರೈಂಡರಿಗೆ ಬೇರೆ ಕೋಣೆಯೇ ಉತ್ತಮ. ಗಾರೆ ಕಲಸುವ ಮುನ್ನ ಖಾಲಿ ನೆಲದ ಮೇಲೆ ಸೀಮೆಸುಣ್ಣದಿಂದ ಕಟ್ಟೆಗಳನ್ನು ಬರೆದು, ಕೈಯಲ್ಲಿ ತಟ್ಟೆ ಹಿಡಿದು ಕೆಲಸಗಾರನನ್ನೇ ನಡೆಸಿ ನೋಡಬೇಕು. ನಿಂತು ಮಾಡುವ ಕೆಲಸಕ್ಕೆ ಕಟ್ಟೆಯ ಎತ್ತರ 90 ಸೆಂ.ಮೀ., ಕುಳಿತು ಮಾಡುವುದಕ್ಕೆ 75 ಸೆಂ.ಮೀ.; ಬೆನ್ನಿಗೆ ಬೆನ್ನಾಗಿ ಇಬ್ಬರು ನಿಲ್ಲುವ ಕಡೆ ನಡುವೆ ಒಂದೂವರೆ ಮೀಟರ್ ಬಿಟ್ಟರೆ ಬಿಸಿ ಪಾತ್ರೆ ಹಿಡಿದವನಿಗೆ ಮೊಣಕೈ ತಾಗದು.

ಎಲ್ಲವನ್ನೂ ಗಾರೆಯಲ್ಲಿ ಕಟ್ಟಿಬಿಡುವುದು ಮಾತ್ರ ತರವಲ್ಲ. ಅಮೆರಿಕದ ಸಾಲ್ಕ್ ಸಂಸ್ಥೆಗೆ ವಾಸ್ತುಶಿಲ್ಪಿ ಲೂಯಿ ಕಾನ್ 1960ರ ದಶಕದಲ್ಲಿ ಕಂಬಗಳಿಲ್ಲದ ಪ್ರಯೋಗಾಲಯಗಳನ್ನು ರೂಪಿಸಿ, ಕೊಳವೆ ತಂತಿಗಳಿಗೆ ಪ್ರತ್ಯೇಕ ಅಂತಸ್ತನ್ನೇ ಬಿಟ್ಟರು. ಸಂಶೋಧನೆ ಬದಲಾದಂತೆ ಮೇಜುಗಳೂ ಬದಲಾಗಲೆಂಬುದು ಉದ್ದೇಶ. ಸಣ್ಣ ಗಿರಣಿಗೆ ಅಷ್ಟು ವೈಭವ ಬೇಡ. ತೊಟ್ಟಿ, ತಕ್ಕಡಿಗಳ ಕಟ್ಟೆ ಸ್ಥಿರವಾಗಿರಲಿ. ಉಳಿದವು ಕಬ್ಬಿಣದ ಕಾಲಿನ ಮೇಜುಗಳಾಗಿರಲಿ, ವಿದ್ಯುತ್ ಸಂಪರ್ಕ ಗೋಡೆಯುದ್ದಕ್ಕೂ ಇರಲಿ. ಪಕ್ಕದ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಹಾವಿದ್ಯಾಲಯವಿದೆ; ನಕ್ಷೆ ಅಂತಿಮಗೊಳಿಸುವ ಮುನ್ನ ಅನುಮತಿ ಪಡೆದು ಅಲ್ಲಿನ ಪ್ರಯೋಗಾಲಯಗಳನ್ನು ಒಮ್ಮೆ ನೋಡಿಬರಬಹುದು.